ಕೆಂಪು ಎಷ್ಟು ಕೆಂಪು?

ನಮ್ಮದು ಬೀಜಾಡಿ. ನನ್ನ ಕೆಲಸ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ. ಒಂದು ಸಂಜೆ ಯಕ್ಷಗಾನದ ಪೋಸ್ಟರನ್ನೂ ಗ್ರಾಹಕರು ಒಪ್ಪಿದ್ದ ಮಾದರಿಯನ್ನೂ ಮನೆಗೆ ತಂದಿದ್ದೆ. ಆರನೇ ತರಗತಿಯ ಮಗಳು ಎರಡನ್ನೂ ಜಗಲಿಯಲ್ಲಿ ಅಕ್ಕಪಕ್ಕ ಹಿಡಿದು, "ಅಪ್ಪಯ್ಯ, ಕಸೆ ಸೀರೆ ಕೆಂಪ್ ಬೇರೆ ಅಲ್ದಾ?" ಎಂದಳು.

ಅಳತೆಯ ಯಂತ್ರ ಸರಿ ಎಂದಿತ್ತು. ಆದರೂ ಪೋಸ್ಟರಿನ ಕೆಂಪು ತುಸು ಗಾಢವೇ. ಇನ್ನೂ 2,000 ಪ್ರತಿ ಮುದ್ರಿಸುವುದು ಬಾಕಿಯಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

1843ರಲ್ಲಿ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂದ ಕಾಲಕ್ಕೆ ಬಣ್ಣ ಅಳೆಯಲು ಕಣ್ಣೇ ಗತಿ. ಬಣ್ಣವನ್ನು ಅಂಕಿಗಳಲ್ಲಿ ಹೇಳುವ ಅಂತಾರಾಷ್ಟ್ರೀಯ ಪದ್ಧತಿ ಬಂದದ್ದು 1931ರಲ್ಲಿ. ಇಂದು ನಾವು ಬಳಸುವುದು ಸ್ಪೆಕ್ಟ್ರೋಫೋಟೋಮೀಟರ್. ಅದು ಕಾಗದದ ಮೇಲೆ ಬೆಳಕು ಬಿಟ್ಟು, ಎಷ್ಟು ಹಿಂದಿರುಗಿತು ಎಂದು ಲೆಕ್ಕ ಹಾಕುತ್ತದೆ. 400ರಿಂದ 700 ನ್ಯಾನೋಮೀಟರ್‌ವರೆಗೆ, ಹತ್ತು ಹತ್ತಕ್ಕೆ ಒಂದರಂತೆ 31 ಅಂಕಿ.

ಆದರೆ ಯಂತ್ರಕ್ಕೆ 'ಬಿಳಿ ಎಂದರೆ ಇಷ್ಟು' ಎಂದು ಮೊದಲು ತೋರಿಸಬೇಕು. ಅದಕ್ಕೊಂದು ಪುಟ್ಟ ಬಿಳಿ ಬಿಲ್ಲೆ ಇರುತ್ತದೆ. ಮರುದಿನ ನೋಡಿದರೆ ಅದರ ಮೇಲೆ ಎಣ್ಣೆಬೆರಳಿನ ಗುರುತು! ಕೊಳೆಯಾದ ಬಿಲ್ಲೆಯನ್ನೇ ಯಂತ್ರ ಶುದ್ಧ ಬಿಳಿ ಎಂದು ನಂಬಿತ್ತು. ಹಾಗಾಗಿ ಎಲ್ಲ ಬಣ್ಣವೂ ಅದಕ್ಕೆ ತೆಳುವಾಗಿ ಕಂಡಿತು. ನಾವು ಅದರ ಮಾತು ಕೇಳಿ ಶಾಯಿ ಹೆಚ್ಚಿಸಿದೆವು. ತಕ್ಕಡಿಯ ಕಲ್ಲೇ ಸವೆದಿದ್ದರೆ ತೂಕ ಸರಿ ಬಂದೀತೇ?

ಬಿಲ್ಲೆ ಒರೆಸಿ, ಮತ್ತೆ ಅಳೆದು, ಶಾಯಿ ತಗ್ಗಿಸಿದೆವು. ಉಳಿದ ಪ್ರತಿಗಳು ಮಾದರಿಯಂತೆಯೇ ಬಂದವು.

ಅಂದಿನಿಂದ ನಮ್ಮಲ್ಲಿ ಕೆಲವು ಕಟ್ಟುಪಾಡು. ಬೆಳಿಗ್ಗೆ ಮೊದಲು ಬಿಲ್ಲೆ ಪರೀಕ್ಷೆ. ಒಂದೇ ಕಡೆ ಅಳೆದು ಬಿಡದೆ, ಹಾಳೆಯ ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯುವುದು. ಹಸಿ ಶಾಯಿ ಒಣಗಿದಾಗ ಬಣ್ಣ ತುಸು ಬದಲಾಗುವುದರಿಂದ ಹಸಿಯನ್ನು ಹಸಿಯೊಂದಿಗೆ, ಒಣಗಿದ್ದನ್ನು ಒಣಗಿದ್ದರೊಂದಿಗೆ ಹೋಲಿಸುವುದು. ಹಾಳೆಯ ಅಡಿಗೆ ಯಾವಾಗಲೂ ಒಂದೇ ಬಗೆಯ ಹಾಸು.

ಹಾಸು ಯಾಕೆ ಗೊತ್ತೇ ಮಕ್ಕಳೇ? ತೆಳು ಕಾಗದದ ಬಣ್ಣದ ಚಿತ್ರವೊಂದನ್ನು ಕಪ್ಪು ಬಟ್ಟೆಯ ಮೇಲೆ, ಆಮೇಲೆ ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಿ. ಚಿತ್ರ ಒಂದೇ, ಬಣ್ಣ ಬೇರೆ ಕಾಣುತ್ತದೆ.

ಈಗ ನಾನು ಮನೆಗೆ ಬಂದೊಡನೆ ಮಗಳ ಮೊದಲ ಪ್ರಶ್ನೆ: "ಅಪ್ಪಯ್ಯ, ಇವತ್ತ್ ಬಿಲ್ಲೆ ಒರ್ಸಿದ್ರ್ಯಾ?"