ಎದುರು ಸುರುಳಿ

ಕೆಲವು ವರ್ಷಗಳ ಹಿಂದಿನ ಮಾತು. ಭಾರತ ಸಂವಿಧಾನದ 148ನೆಯ ವಿಧಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ, "ಸರ್, 'ಕಾಂಪ್ಟ್ರೋಲರ್' ಎಂದು ಬರೆದು 'ಕಂಟ್ರೋಲರ್' ಎಂದೇಕೆ ಓದಬೇಕು?" ಎಂದು ಕೇಳಿದ. ಲೆಕ್ಕ ಎಂಬರ್ಥದ 'ಕೋಂತ್' ಎಂಬ ಫ್ರೆಂಚ್ ಶಬ್ದದಿಂದ ಅದು ಹುಟ್ಟಿತೆಂದು ನಾನು ಗಂಭೀರವಾಗಿ ಉತ್ತರಿಸಿದೆ. ಮನೆಗೆ ಬಂದು ನಿಘಂಟನ್ನು ತೆರೆದಾಗ ನಾಚಿಕೆಯಾಯಿತು. ನನ್ನ ತಪ್ಪನ್ನೇ ಇಂಗ್ಲೆಂಡಿನ ಕರಣಿಕರು ಐದು ಶತಮಾನಗಳ ಹಿಂದೆ ಮಾಡಿದ್ದರು. ನಡುವಿನ 'ಪಿ' ಅಕ್ಷರ ಅವರ ಊಹೆಯ ಕುರುಹು.

'ಕಂಟ್ರೋಲ್' ಎಂಬ ಕ್ರಿಯಾಪದ ಫ್ರೆಂಚಿನ ಮೂಲಕ ಬಂದದ್ದು. ಅದರ ಬೇರು ಮಧ್ಯಯುಗದ ಲ್ಯಾಟಿನ್ನಿನ 'ಕಾಂಟ್ರಾರೋಟುಲಸ್', ಅಂದರೆ ಎದುರು ಸುರುಳಿ. 'ರೋಟುಲಸ್' ಪುಟ್ಟ ಗಾಲಿ. ಸುತ್ತಿಟ್ಟ ಚರ್ಮಪತ್ರಕ್ಕೂ ಅದೇ ಹೆಸರು. ಒಬ್ಬ ಬರೆದ ಲೆಕ್ಕದ ಪ್ರತಿಯನ್ನು ಮತ್ತೊಬ್ಬ ಇಟ್ಟುಕೊಳ್ಳುವುದು, ಎರಡನ್ನೂ ತಾಳೆ ನೋಡುವುದು ಅಂದಿನ ಪದ್ಧತಿ. ಇಂಗ್ಲೆಂಡಿನ ರಾಜಭಂಡಾರದ ಲೆಕ್ಕದ ಸುರುಳಿಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು 1130ರದು. ಎರಡನೆಯ ಹೆನ್ರಿಯ ಕಾಲಕ್ಕೆ ಚಾನ್ಸೆಲರನ ಕಡೆಯವರು ಅಂಥ ಸುರುಳಿಗಳ ಪ್ರತಿಯನ್ನು ಬೇರೆಯಾಗಿ ಇಡುತ್ತಿದ್ದರು. ಹೀಗೆ ಸರಿನೋಡುವುದೇ 'ಕಂಟ್ರೋಲ್' ಮಾಡುವುದು. ಆಳು, ಅಡಗಿಸು ಎಂಬ ಅರ್ಥಗಳು ಅದಕ್ಕೆ ಬಳಿಕ ಕೂಡಿಕೊಂಡವು. ಫ್ರೆಂಚರು ಇಂದಿಗೂ ಹಳೆಯ ಅರ್ಥವನ್ನು ಬಿಟ್ಟಿಲ್ಲ: ಅವರ ರೈಲಿನ 'ಕೋಂತ್ರೋಲರ್' ಟಿಕೆಟ್ಟು ತಪಾಸಣೆ ಮಾಡುವವನು, ಗಾಡಿ ನಡೆಸುವವನಲ್ಲ.

ಪ್ರಯೋಗದ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಮಾತು. ನಾಮಪದವಾದಾಗ ಇದರ ಮುಂದೆ 'ಓವರ್' ಬರಬಹುದು. ಕ್ರಿಯಾಪದಕ್ಕೆ ಅದು ಸಲ್ಲದು. 'ಕೋಪದ ಮೇಲೆ ಹತೋಟಿ' ಎಂಬ ನಮ್ಮ ನುಡಿಯ ರೂಢಿಯೇ ಹುಡುಗರನ್ನು ಅಲ್ಲಿ ಎಡವಿಸುತ್ತದೆ. 'ಎಡ್', 'ಇಂಗ್' ಸೇರುವಾಗ 'ಎಲ್' ಇಮ್ಮಡಿಯಾಗುವುದನ್ನೂ ಮರೆಯಬಾರದು.

ಕನ್ನಡದಲ್ಲಿ ಇದಕ್ಕೆ 'ನಿಯಂತ್ರಿಸು' ಎಂದು ಬರೆಯುತ್ತೇವೆ. ಅದರಲ್ಲಿ ಹಿಡಿತ ಬಂತು, ಲೆಕ್ಕ ತಪ್ಪಿಹೋಯಿತು. ನನ್ನ ಮನಸ್ಸಿಗೆ ಹತ್ತಿರವಾದದ್ದು 'ಅಂಕೆ'. ಒಂದು, ಎರಡು ಎಂದು ಬರೆಯುವ ಗುರುತೂ ಅಂಕೆ, ಹದ್ದು ಮೀರದಂತೆ ತಡೆಯುವುದೂ ಅಂಕೆ. ಗಾದೆಯ ಕಪಿ ಲಂಕೆಯನ್ನು ಸುಟ್ಟದ್ದು ಇದಿಲ್ಲದೆ. ಇಷ್ಟು ಒಳ್ಳೆಯ ಶಬ್ದ ಕಚೇರಿಯ ಕಡತಗಳಲ್ಲಿ ಕಾಣಸಿಗುವುದು ಅಪರೂಪ.

ಮರುದಿನ ತರಗತಿಯಲ್ಲಿ ನನ್ನ ಉತ್ತರವನ್ನು ತಿದ್ದಿದೆ. ಆ ಹುಡುಗ ಹಿಂದಿನ ದಿನ ಬರೆದುಕೊಂಡದ್ದನ್ನು ಹೊಡೆದುಹಾಕಲಿಲ್ಲ. ಎದುರಿನ ಪುಟದಲ್ಲಿ ಹೊಸದನ್ನು ಬರೆದುಕೊಂಡು, ಎರಡನ್ನೂ ನನಗೆ ತೋರಿಸಿದ.