ಟೈರಿನ ಗೆರೆಯಿಂದ ವೇಗದ ಲೆಕ್ಕ: 9ನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಪಾಠಕ್ಕೊಂದು ಚಟುವಟಿಕೆ

ಅಪಘಾತದ ಸ್ಥಳ ಮಹಜರು ಬರೆಯುವಾಗ ರಸ್ತೆಯ ಮೇಲಿನ ಟೈರಿನ ಕಪ್ಪು ಗೆರೆಯೂ ಒಂದು ಸಾಕ್ಷಿ. ಬ್ರೇಕು ಬಿಗಿದು, ಚಕ್ರ ಉರುಳದೆ ಉಜ್ಜಿಕೊಂಡು ಹೋದಾಗ ಆ ಗೆರೆ ಮೂಡುತ್ತದೆ. ವಾಹನದ ಚಲನಶಕ್ತಿ ಅಷ್ಟು ದೂರದಲ್ಲಿ ಘರ್ಷಣೆಯ ವಿರುದ್ಧ ಕೆಲಸವಾಗಿ ಖರ್ಚಾಗಿರುತ್ತದೆ. ಎರಡನ್ನೂ ಸಮೀಕರಿಸಿದರೆ ರಾಶಿ ಹೊಡೆದುಹೋಗಿ ಉಳಿಯುವುದಿಷ್ಟು:

ವೇಗದ ವರ್ಗ = 2 × ಘರ್ಷಣಾ ಗುಣಾಂಕ × 9.8 × ಗೆರೆಯ ಉದ್ದ

ಗುಣಾಂಕವನ್ನು ಬೋರ್ಡಿನ ಮೇಲೆ ಬರೆದುಕೊಡುವ ಬದಲು ಮಕ್ಕಳಿಂದಲೇ ಅಳೆಯಿಸಿ. ಪಂಕ್ಚರ್ ಅಂಗಡಿಯಿಂದ ಹಳೇ ಟೈರಿನ ತುಂಡು ತಂದು, ಮೇಲೊಂದು ಕಲ್ಲು ಕಟ್ಟಿ, ಶಾಲೆಯ ಸಿಮೆಂಟ್ ಅಂಗಳದಲ್ಲಿ ಸ್ಪ್ರಿಂಗ್ ತ್ರಾಸಿನಿಂದ ಒಂದೇ ಸಮನೆ ಎಳೆಯಲಿ. ಎಳೆತವನ್ನು ಒಟ್ಟು ತೂಕದಿಂದ ಭಾಗಿಸಿದರೆ ಗುಣಾಂಕ ಸಿಕ್ಕಿತು. ನೀರು ಚೆಲ್ಲಿ ಮತ್ತೊಮ್ಮೆ ಎಳೆಯಲಿ. (ಮಕ್ಕಳನ್ನು ರಸ್ತೆಗೆ ಕರೆದೊಯ್ಯುವುದು ಬೇಡವೇ ಬೇಡ.) ಒಣ ಡಾಂಬರಿಗೆ 0.7, ಒದ್ದೆಯಾದದ್ದಕ್ಕೆ 0.4 ಎಂದಿಟ್ಟುಕೊಂಡರೆ, 20 ಮೀಟರ್ ಗೆರೆಗೆ ಒಣ ರಸ್ತೆಯಲ್ಲಿ ಗಂಟೆಗೆ ಸುಮಾರು 60 ಕಿ.ಮೀ. ವೇಗ, ಒದ್ದೆ ರಸ್ತೆಯಲ್ಲಿ 45. ಗೆರೆ ಅದೇ! ಮಳೆ ಬಂದಿತ್ತೇ ಎಂಬುದನ್ನು ಬರೆಯದ ಮಹಜರಿನಿಂದ ವೇಗ ಹೇಳಲಾಗದು.

ಮಕ್ಕಳು ಎಡವುವುದು ಮುಂದಿನ ಹಂತದಲ್ಲಿ. ಒಣ ರಸ್ತೆಯಲ್ಲಿ 20 ಮೀಟರ್ ಉಜ್ಜಿಕೊಂಡು ಬಂದ ಕಾರು, ಇನ್ನೂ 30 ಕಿ.ಮೀ. ವೇಗದಲ್ಲಿದ್ದಾಗ ಮರಕ್ಕೆ ಗುದ್ದಿತು ಎನ್ನಿ. ಬ್ರೇಕು ಹಾಕುವಾಗಿನ ವೇಗವೆಷ್ಟು? ಇಡೀ ತರಗತಿ 90 ಎನ್ನುತ್ತದೆ. ಕೂಡಿಸಬೇಕಾದದ್ದು ಶಕ್ತಿಯನ್ನು, ವೇಗವನ್ನಲ್ಲ: 3600ಕ್ಕೆ 900 ಸೇರಿಸಿ ವರ್ಗಮೂಲ ತೆಗೆದರೆ 67. ನ್ಯಾಯಾಲಯದಲ್ಲಿ ಚಾಲಕನೊಬ್ಬನ ಪಾಲಿಗೆ 90ಕ್ಕೂ 67ಕ್ಕೂ ಇರುವ ಅಂತರ ಸಣ್ಣದಲ್ಲ. ಪಾಠದ ಅರ್ಧ ಅವಧಿಯನ್ನು ಇದಕ್ಕೇ ಮೀಸಲಿಡಿ. ಎರಡು ವಾಹನಗಳ ಡಿಕ್ಕಿಗೆ ಸಂವೇಗ ಸಂರಕ್ಷಣೆ ಬೇಕು. ಅದು ಬೇರೆ ದಿನಕ್ಕಿರಲಿ.

ಹಳೇಕೋಟೆ, ಹೊಳೆನರಸೀಪುರದ ಕಡೆ ಅಭ್ಯಾಸ ಬೋಧನೆಗೆ ಹೋಗುವವರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 12ರಂದು ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿದ್ದು ಇಲ್ಲಿನ ಮಕ್ಕಳಿಗೆ ಸುದ್ದಿಯಲ್ಲ, ನೆನಪು. ಅದನ್ನು ಲೆಕ್ಕದ ಉದಾಹರಣೆ ಮಾಡಬೇಡಿ. ಮಗುವೇ ಎತ್ತಿದರೆ ಕೇಳಿಸಿಕೊಳ್ಳಿ, ಲೆಕ್ಕ ಹಾಕಿಸಬೇಡಿ.

ಆದರೆ “ಲೋಡ್ ಲಾರಿಯೂ ಕಾರಿನಷ್ಟೇ ದೂರಕ್ಕೆ ನಿಲ್ಲುತ್ತದೆಯೇ ಸಾರ್?” ಎಂಬ ಪ್ರಶ್ನೆ ಬಂದೇ ಬರುತ್ತದೆ. ರಾಶಿ ಹೊಡೆದುಹೋಯಿತು ಎಂದು ಜಾರಿಕೊಳ್ಳಬೇಡಿ. ಲಾರಿಯ ಟೈರಿನ ರಬ್ಬರ್ ಬೇರೆ, ಗಾಳಿ ಬ್ರೇಕು ಹಿಡಿಯಲು ಕ್ಷಣ ತಡ, ಕಾರಿನ 0.7 ಅದಕ್ಕೆ ಒಪ್ಪುವುದಿಲ್ಲ.