ದಂಡಿನ ಹಳೆಯ ಪುಸ್ತಕಗಳು

ಬೆಂಗಳೂರು ಒಂದೇ ಊರಾಗಿ ಬೆಳೆದುದಲ್ಲ. ಕೆಂಪೇಗೌಡನು ಕಟ್ಟಿಸಿದ ಪೇಟೆ ಒಂದು. ಅದರ ಪೂರ್ವಕ್ಕೆ, ಹಲಸೂರಿನ ಆಸುಪಾಸಿನಲ್ಲಿ, 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು ಇನ್ನೊಂದು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ದಂಡಿನ ಪ್ರದೇಶವನ್ನು ಅವರು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ಎರಡೂ ಒಂದು ನಗರಾಡಳಿತದಡಿ ಸೇರಿದುದು 1949ರಲ್ಲಿ. ಹಳೆಯ ಪುಸ್ತಕಗಳ ವ್ಯಾಪಾರವು ದಂಡಿನ ಕಡೆಯಲ್ಲಿ ಏಕೆ ಬೇರೂರಿತೆಂಬುದನ್ನು ತಿಳಿಯಲು ಈ ಇತಿಹಾಸವನ್ನು ನೆನೆಯಬೇಕಾಗುತ್ತದೆ.

ಸೈನ್ಯಾಧಿಕಾರಿಗಳಿಗೆ ಬಿಡುವು ಬಹಳ. 1896ರಲ್ಲಿ ಕುದುರೆಪಡೆಯ ಎಳೆಯ ಅಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಗಿಬ್ಬನ್ನನ ರೋಮ್ ಚರಿತ್ರೆಯನ್ನು ತಾಯಿಯಿಂದ ತರಿಸಿಕೊಂಡು, ಮಧ್ಯಾಹ್ನದ ಬಿಸಿಲಿನ ಹೊತ್ತನ್ನೆಲ್ಲ ಅದರಲ್ಲಿಯೇ ಕಳೆಯುತ್ತಿದ್ದನು. ಇಂತಹ ಓದುಗರಿದ್ದ ಊರಿಗೆ ಪುಸ್ತಕದಂಗಡಿ ಬಾರದಿದ್ದೀತೆ? ಮದರಾಸಿನ ಹಿಗಿನ್‌ಬಾಥಮ್ಸ್ ಸಂಸ್ಥೆಯು 1905ರಲ್ಲಿ ಇಂದಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ತನ್ನ ಮಳಿಗೆಯನ್ನು ತೆರೆಯಿತು. ಸ್ವದೇಶಕ್ಕೆ ಮರಳುವವರಿಗೆ ಪುಸ್ತಕಗಳು ಭಾರವೇ ಸರಿ. ಬಿಟ್ಟುಹೋದ ಪುಸ್ತಕಗಳು ಕೈಯಿಂದ ಕೈಗೆ ಸಾಗಿದವು.

ಅವುಗಳಿಗೆ ನೆಲೆ ಒದಗಿಸಿದವರಲ್ಲಿ ಕೆ.ಬಿ.ಕೆ. ರಾವ್ ಅವರು ಪ್ರಮುಖರು. ಅವರು 1945ರಲ್ಲಿ ಆರಂಭಿಸಿದ ಸೆಲೆಕ್ಟ್ ಪುಸ್ತಕದಂಗಡಿಯು ಮುಂದೆ ಬ್ರಿಗೇಡ್ ರಸ್ತೆಯ ಅಡ್ಡದಾರಿಯೊಂದರಲ್ಲಿ ನೆಲೆಸಿ ಹೆಸರಾಯಿತು. ಅವರ ಮಗ ಕೆ.ಕೆ.ಎಸ್. ಮೂರ್ತಿಯವರು ವಿಮಾನ ಎಂಜಿನಿಯರರಾಗಿದ್ದವರು. ಆ ಕೆಲಸವನ್ನು ಬಿಟ್ಟು ತಂದೆಯ ಕಪಾಟುಗಳ ನಡುವೆ ಬಂದು ಕುಳಿತರು. ಚರ್ಚ್ ಸ್ಟ್ರೀಟಿನ ಬಳಿ 1971ರಲ್ಲಿ ಟಿ.ಎಸ್. ಶಾನಭಾಗರು ತೆರೆದ ಪ್ರೀಮಿಯರ್ ಹಳೆಯ ಪುಸ್ತಕಗಳ ಅಂಗಡಿಯಲ್ಲ. ಆದರೂ ಅದನ್ನು ಹೇಳದೆ ಮುಂದೆ ಸಾಗಲಾರೆ. ಪುಟ್ಟ ಕೋಣೆ, ನೆಲದಿಂದ ಮೇಲೆದ್ದ ಪುಸ್ತಕಗಳ ಗೋಪುರಗಳು, ಹೊರಗಿನವರಿಗೆ ಅದೊಂದು ರಾಶಿ. ಯಾವ ಪುಸ್ತಕ ಯಾವ ಗೋಪುರದ ಎಷ್ಟನೆಯ ಅಂತಸ್ತಿನಲ್ಲಿದೆಯೆಂಬುದು ಶಾನಭಾಗರಿಗೆ ಬಾಯಿಪಾಠ. 2009ರಲ್ಲಿ ಆ ಅಂಗಡಿ ಮುಚ್ಚಿತು. 2021ರಲ್ಲಿ ಅವರೂ ತೀರಿಕೊಂಡರು. ಕಾಲುದಾರಿಯ ಮೇಲೆ ಪುಸ್ತಕ ಹರಡಿ ಮಾರುತ್ತಿದ್ದ ಮಾಯಿಗೌಡರು ಈ ಶತಮಾನದ ಆರಂಭದಲ್ಲಿ ಅದೇ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಅಂಗಡಿಯನ್ನು ಕಟ್ಟಿದರು.

ಹಳೆಯದೆಲ್ಲ ಅಪರೂಪದ್ದಲ್ಲ. ನೂರು ವರ್ಷದ ಪುಸ್ತಕಕ್ಕೆ ಹತ್ತು ರೂಪಾಯಿಯೂ ಬಾರದಿರಬಹುದು. ಮೊದಲ ಮುದ್ರಣವೇ, ಎಷ್ಟು ಪ್ರತಿಗಳು ಉಳಿದಿವೆ, ನಕಾಶೆಗಳೂ ಚಿತ್ರಗಳೂ ಪೂರ್ಣವಾಗಿವೆಯೇ ಎಂದು ಬಲ್ಲವರು ನೋಡುತ್ತಾರೆ. ಲೂಯಿಸ್ ರೈಸ್ ಅವರ ಮೈಸೂರು ಗ್ಯಾಸೆಟಿಯರಿನ 1897ರ ಆವೃತ್ತಿಯು ಎರಡು ಸಂಪುಟಗಳದು. ಒಂದೇ ಸಿಕ್ಕಿದರೆ ಬೆಲೆ ಅರ್ಧಕ್ಕಲ್ಲ, ಅದಕ್ಕೂ ಕೆಳಗೆ ಇಳಿಯುತ್ತದೆ. ಕಾಗದದ ಗುಣವೂ ಮುಖ್ಯ. ಹಿಂದಿನ ಕಾಲದಲ್ಲಿ ಚಿಂದಿಬಟ್ಟೆಯ ನಾರಿನಿಂದ ಮಾಡಿದ ಕಾಗದ ಇನ್ನೂರು ವರ್ಷವಾದರೂ ಬಾಗಿದರೆ ಮುರಿಯದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳಿನ ಅಗ್ಗದ ಕಾಗದ ಬಳಕೆಗೆ ಬಂದಿತು. ಅದರಲ್ಲಿ ಉಳಿದ ಆಮ್ಲವು ನಾರನ್ನು ಒಳಗಿಂದೊಳಗೆ ತಿನ್ನುತ್ತದೆ. ಹಾಳೆ ಹಳದಿಯಾಗಿ, ಕೊನೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ಹೀಗಾಗಿ ಅಜ್ಜನ ಪುಸ್ತಕ ಗಟ್ಟಿಯಾಗಿದ್ದು ಮೊಮ್ಮಗನದು ಶಿಥಿಲವಾಗಿರುವುದುಂಟು.

ಒಂದು ಪುಸ್ತಕ ಅಂಗಡಿಗೆ ಬರುವ ದಾರಿ ಮಾತ್ರ ಯಾವಾಗಲೂ ಸುಖಕರವಲ್ಲ. ನನಗೆ ಹಳಗನ್ನಡ ಕಲಿಸಿದ ಗುರುಗಳಲ್ಲಿ ಕಿಟೆಲ್ಲರ ನಿಘಂಟಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮೂಲ ಪ್ರತಿಯಲ್ಲ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯವು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು. ನಿಘಂಟಿನಲ್ಲಿಲ್ಲದ ಹಳ್ಳಿಯ ಮಾತು ಕಿವಿಗೆ ಬಿದ್ದರೆ ಗುರುಗಳು ಅದನ್ನು ಪುಟದ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದು, ಕೇಳಿದ ಊರನ್ನೂ ದಿನಾಂಕವನ್ನೂ ನಮೂದಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯವರು ಪುಸ್ತಕಗಳನ್ನೆಲ್ಲ ತೂಕಕ್ಕೆ ಹಾಕಿದರು. ಸುದ್ದಿ ತಿಳಿದು ನಾನು ಶಿವಾಜಿನಗರದ ರದ್ದಿಯಂಗಡಿಗೆ ಓಡಿದಾಗ ಎರಡು ದಿನ ಕಳೆದಿತ್ತು.

“ದಪ್ಪ ಪುಸ್ತಕಗಳೇ ಮೇಷ್ಟ್ರೇ? ಒಂದಷ್ಟು ಯಾರೋ ಆರಿಸಿಕೊಂಡು ಹೋದರು. ಉಳಿದದ್ದು ಲಾರಿಗೆ ಹೋಯಿತು” ಎಂದನು ಅಂಗಡಿಯವನು. ಅವನನ್ನು ದೂರಿ ಫಲವೇನು? ಅವನ ತಕ್ಕಡಿಗೆ ಅಕ್ಷರ ಬಾರದು.

ಏಳೆಂಟು ತಿಂಗಳ ಬಳಿಕ, ದಂಡಿನ ಹಳೆಯ ಪುಸ್ತಕದಂಗಡಿಯೊಂದರ ಕೆಳಗಿನ ಸಾಲಿನಲ್ಲಿ ಮೂರನೆಯ ಸಂಪುಟ ಕಣ್ಣಿಗೆ ಬಿದ್ದಿತು. ತೆರೆದೆ, ಅಂಚಿನಲ್ಲಿ ಅದೇ ಪುಟ್ಟ, ಓರೆಯಾದ ಅಕ್ಷರಗಳು. ಪುಟದಲ್ಲಿ ಗೀಚಿದ್ದಾರೆಂದು ಅಂಗಡಿಯವರು ಬೆಲೆಯನ್ನು ತಗ್ಗಿಸಿಯೇ ಕೊಟ್ಟರು. ಅಚ್ಚಾದ ನಿಘಂಟು ಇಂದಿಗೂ ಗ್ರಂಥಾಲಯಗಳಲ್ಲಿ ದೊರೆಯುತ್ತದೆ. ಅಂಚಿನ ಆ ಮಾತುಗಳು ಇನ್ನೆಲ್ಲಿಯೂ ದೊರೆಯವು. ನಾನು ಎಣಿಸಿದಂತೆ ಆ ಒಂದು ಸಂಪುಟದಲ್ಲಿಯೇ ಇನ್ನೂರ ಹನ್ನೆರಡು ಮಾತುಗಳಿವೆ. ಅವನ್ನು ಬೇರೆ ಪುಸ್ತಕಕ್ಕೆ ನಕಲು ಮಾಡಿಟ್ಟಿದ್ದೇನೆ. ಉಳಿದ ಮೂರು ಸಂಪುಟಗಳಿಗಾಗಿ, ಆ ಕಡೆ ಹೋದಾಗಲೆಲ್ಲ, ಮೊಣಕಾಲೂರಿ ಕೆಳಗಿನ ಸಾಲುಗಳನ್ನು ಹುಡುಕುತ್ತಿದ್ದೇನೆ.